ಗಿರಾಕಿಯ ಮೊದಲ ಹೊಲಿಗೆ

ನನ್ನ ಮೊಮ್ಮಗಳ ಧಂದೆ ಮುಳುಗುವ ಹಂತಕ್ಕೆ ಬಂದದ್ದು ಅವಳಿಗೆ ಕೆಲಸ ಗೊತ್ತಿಲ್ಲವೆಂದಲ್ಲ, ಸಾಮಾನು ಕಡಿಮೆ ಬಿತ್ತೆಂದೂ ಅಲ್ಲ. ಗಿರಾಕಿಯನ್ನು ಮನೆಗೆ ಕರೆದು ಕೂಡಿಸಲಿಲ್ಲ, ಅಷ್ಟೇ. ಅವಳ ತಾಯಿ ದೃಷ್ಟಿ ತಾಗಿತ್ತು ಎನ್ನುತ್ತಾಳೆ. ನಾನು ಅಲ್ಲೇ ಇದ್ದೆ, ಎಲ್ಲ ನೋಡಿದ್ದೇನೆ. ದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ.

ಇದೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ಮೊನ್ನೆ ಸುರಪುರದ ಬಸ್ಸಿನಲ್ಲಿ ನಮಗೊಂದು ರಟ್ಟಿನ ಡಬ್ಬಿ ಬಂತು. ಒಳಗೆ ನಾನ್‌ಖಟಾಯಿ. ಮುಚ್ಚಳ ತೆಗೆದ ಕೂಡಲೇ ತುಪ್ಪದ ವಾಸನೆಯೂ ಹೊಸ ರಟ್ಟಿನ ವಾಸನೆಯೂ ಕೂಡಿಯೇ ಮೂಗಿಗೆ ಬಡಿದವು. ತಿನ್ನುವ ಮೊದಲು ಡಬ್ಬಿಯನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಹಲ್ಲು ಹೋದವಳಿಗೆ ನೋಡಿದರೇ ಅರ್ಧ ತಿಂದಂತೆ.

ಮೊಮ್ಮಗಳ ಹೆಸರು ಅಂಬಿಕಾ. ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅಂಗಡಿಯ ಬೋರ್ಡು, ಮದುವೆ ಪತ್ರಿಕೆ, ಚೀಲದ ಮೇಲಿನ ಚಿತ್ರ, ಎಲ್ಲ ಮಾಡಿಕೊಡುತ್ತಾಳೆ. ಯಾರ ಕೈಕೆಳಗೂ ಅಲ್ಲ, ತನ್ನದೇ ಧಂದೆ. ಅವಳ ಸಾಮಾನು ನೋಡಬೇಕು ನೀವು. ಲ್ಯಾಪ್‌ಟಾಪು, ಅದಕ್ಕೊಂದು ಕಪ್ಪು ಹಲಗೆ, ಹಲಗೆಯ ಮೇಲೆ ತೀಡಲು ಮಸಿಯಿಲ್ಲದ ಪೆನ್ನು, ಬಣ್ಣದ ಚೀಟಿಗಳ ಗೊಂಚಲು, ಕರೆಂಟು ಹೋದರೆ ಬ್ಯಾಟರಿ. ಫೋನಿನಲ್ಲಿ ಒಂದು ಗಡಿಯಾರವಿದೆ, ಯಾವ ಗಿರಾಕಿಗೆ ಎಷ್ಟು ಹೊತ್ತು ಹೋಯಿತೆಂದು ಹೇಳುತ್ತದೆ. ಇನ್ನೊಂದಿದೆ, ಯಾವ ಕೆಲಸ ಯಾವತ್ತು ಮುಗಿಸಬೇಕೆಂದು ಕೂಗಿ ಕೂಗಿ ನೆನಪಿಸುತ್ತದೆ. ಮನೆಯಲ್ಲಿ ಕೂಗಲು ನಾನೊಬ್ಬಳು ಸಾಲುತ್ತಿರಲಿಲ್ಲವೇನೋ.

ನನ್ನ ಸಾಮಾನು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಿಡಿಯುತ್ತಿತ್ತು. ಸೂಜಿ, ದಾರ, ಕತ್ತರಿ, ಬಳಪ. ನಾಲ್ಕನೇತ್ತೆಗೆ ಸಾಲಿ ಬಿಟ್ಟವಳು ನಾನು, ಕೌದಿ ಹೊಲಿದು ಮನೆ ನಡೆಸಿದೆ. ಮಂದಿ ಹಳೆಯ ಸೀರೆ, ಧೋತರ ಗಂಟು ಕಟ್ಟಿ ತರುತ್ತಿದ್ದರು. ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ ಹೊದಿಕೆ ಮಾಡಿ ಕೊಡುತ್ತಿದ್ದೆ. ಹೊಲಿದು ಮುಗಿದದ್ದನ್ನು ಕೂಡಲೇ ಕೊಡುತ್ತಿರಲಿಲ್ಲ. ಬೀದಿಗೆ ಕಾಣುವಂತೆ ಗೋಡೆಯ ಮೊಳೆಗೆ ಎರಡು ದಿನ ನೇತು ಹಾಕುತ್ತಿದ್ದೆ. ನೆರೆಮನೆಯ ಶರಣಮ್ಮ ಒಮ್ಮೆ ಕೇಳಿಯೇಬಿಟ್ಟಳು, “ಒಗದಿಲ್ಲ, ಏನಿಲ್ಲ, ಯಾಕ ಒಣ ಹಾಕಿ? ಇನ್ನಾ ಒಣಗಿಲ್ಲೇನು?”

“ಒಣಗ್ಯದ. ನೋಡೋರು ಮುಗಿದಿಲ್ಲ,” ಎಂದೆ.

ಶಿರವಾಳದಿಂದ, ಗೋಗಿಯಿಂದ ಗಿರಾಕಿಗಳು ಬಂದದ್ದು ಆ ಮೊಳೆಯಿಂದಲೇ.

ಅಂಬಿಯ ತಂಟೆ ಶುರುವಾದದ್ದು ಸುರಪುರದ ಬೇಕರಿಯ ಮಹಬೂಬಸಾಬನಿಂದ. ಆಸಾಮಿ ಒಳ್ಳೆಯವನು. ನಾನ್‌ಖಟಾಯಿಗೆ ಹೊಸ ಡಬ್ಬಿ ಬೇಕು, ಮೇಲೆ ಚಂದ ಚಿತ್ರ ಬೇಕು ಎಂದು ಫೋನಿನಲ್ಲೇ ಹೇಳಿದ. ಸಲಹೆಗೆಂದು ತನ್ನ ಮನೆಯ ಮಂದಿಯನ್ನೆಲ್ಲ ಕೂಡಿಸಿ ಫೋನಿನಲ್ಲಿ ಒಂದು ಗುಂಪು ಮಾಡಿದ. ಹನ್ನೊಂದು ಜನ. ಅಂಬಿ ಒಂದು ಚಿತ್ರ ಕಳಿಸುವುದೇ ತಡ, ಕಲಬುರಗಿಯ ಭಾವ ಹಸಿರು ಬೇಕೆನ್ನುವನು, ತಮ್ಮ ಕೆಂಪು ಎನ್ನುವನು, ಯಾರೋ ಮುಚ್ಚಳದ ಮೇಲೆ ಗುಲಾಬಿ ಬೇಕೆನ್ನುವರು, ಯಾರೋ ಗುಲಾಬಿ ತೆಗೆದು ಕುದುರೆ ಹಾಕೆನ್ನುವರು. ನಾನ್‌ಖಟಾಯಿಗೂ ಕುದುರೆಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಒಂದು ತಿಂಗಳು ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಅಂಬಿ ಲ್ಯಾಪ್‌ಟಾಪು ಮುಚ್ಚಿ ನನ್ನ ಪಕ್ಕ ಬಂದು ಕೂತಳು.

“ಆಯಿ, ಯಾದಗಿರಿ ಫ್ಲೆಕ್ಸ್ ಅಂಗಡಿಯವರು ಕೆಲಸಕ್ಕ ಕರದಾರ. ಗುರುವಾರ ಹೂಂ ಅಂತೀನಿ. ಅವರು ಹೇಳಿದ್ದನ್ನ ಹೇಳಿದಲ್ಲಿ ಹಾಕಿದ್ರ ಆಯ್ತು. ನನ್ನ ತಲಿ ನನಗ ಉಳೀತದ.”

“ತಲಿ ಉಳಿಸ್ಕೊಂಡು ಏನ್ ಮಾಡ್ತಿ? ಉಪ್ಪಿನಕಾಯಿ ಹಾಕ್ತಿಯೇನು?” ಎಂದೆ.

ಅವಳು ನಗಲಿಲ್ಲ. ನನ್ನ ಮಾತಿಗೆ ಆ ಹುಡುಗಿ ನಗದೇ ಇದ್ದದ್ದು ಅದೇ ಮೊದಲು. ಗುರುವಾರಕ್ಕೆ ಇನ್ನು ಮೂರೇ ದಿನ.

ಆಗ ನೆನಪಾದವಳು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಒಬ್ಬ ಇಂಜಿನಿಯರನ ಹೆಂಡತಿ. ಕೂಸಿಗೆಂದು ಕೌದಿ ಹೊಲಿಸಲು ಬಂದಿದ್ದಳು. ಅರ್ಧ ಹೊಲಿದಾಗ ನಡುವೆ ನೀಲಿ ಬೇಕೆಂದಳು. ಬಿಚ್ಚಿದೆ. ನೀಲಿ ಬೇಡ, ಹಳದಿ ಎಂದಳು. ಮತ್ತೆ ಬಿಚ್ಚಿದೆ. ಮೂರನೇ ಸಲ ತುಂಡುಗಳನ್ನೆಲ್ಲ ನೆಲದ ಮೇಲೆ ಹರಡಿ, “ಬಾಯಾರ, ಕೂಡ್ರಿ. ನಿಮಗ ಹ್ಯಾಂಗ ಬೇಕೋ ಹಾಂಗ ಇಡ್ರಿ. ಮೊದಲ ಹೊಲಿಗಿ ನಿಮ್ದು,” ಎಂದು ಸೂಜಿ ಅವಳ ಕೈಗೆ ಕೊಟ್ಟೆ. ಬೆರಳಿಗೆ ಎರಡು ಸಲ ಚುಚ್ಚಿಕೊಂಡು ಒಂದು ಗೇಣು ಹೊಲಿದಳು. ಸೊಟ್ಟ ಎಂದರೆ ಸೊಟ್ಟ. ಅದನ್ನು ನಾನು ಬಿಚ್ಚಲಿಲ್ಲ, ಅವಳೂ ಆಮೇಲೆ ಬಣ್ಣದ ಮಾತು ಎತ್ತಲಿಲ್ಲ. ಕೌದಿಯನ್ನು ತಾನೇ ಹೊಲಿದೆನೆಂದು ಕ್ಯಾಂಪಿನಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಅಂದಿನಿಂದ ಯಾವ ಗಿರಾಕಿ ಬರಲಿ, ಎರಡೇ ಕೆಲಸ ಮಾಡುತ್ತಿದ್ದೆ. ಇದನ್ನು ಹೊದ್ದುಕೊಳ್ಳುವವರು ಯಾರು ಎಂದು ಕೇಳುವುದು, ಸೂಜಿ ಅವರ ಕೈಗೆ ಕೊಡುವುದು.

ಮರುದಿನ ಬೆಳಿಗ್ಗೆ ಅಂಬಿ ಸ್ನಾನಕ್ಕೆ ಹೋದಾಗ ಅವಳ ಫೋನು ತೆಗೆದುಕೊಂಡೆ. ಒತ್ತಿ ಹಿಡಿದು ಮಾತಾಡಿದರೆ ಮಾತು ಹೋಗುತ್ತದೆಂದು ನನಗೆ ಗೊತ್ತಿತ್ತು. ಎಲ್ಲೆಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ. “ಮಹಬೂಬಸಾಬ, ನಾ ಅಂಬಿಕಾನ ಆಯಿ ಮಾತಾಡಾಕತ್ತೀನಿ. ಹನ್ನೊಂದು ಮಂದಿ ಕೂಡಿ ಒಂದು ಡಬ್ಬಿ ಹೊರೂದಿಲ್ಲಪ್ಪಾ. ನಿಮ್ಮನ್ಯಾಗ ಬುದ್ಧಿ ಇದ್ದವರು ಯಾರಾರ ಒಬ್ಬರು ಇದ್ರ ಕರ್ಕೊಂಡು ನಾಳಿ ಮನಿಗೆ ಬಾ,” ಎಂದೆ.

ಮಾತು ಗುಂಪಿಗೇ ಹೋಗಿತ್ತು, ಹನ್ನೊಂದು ಜನವೂ ಕೇಳಿದರು. ಅಂಬಿ ಒದ್ದೆ ತಲೆಯಲ್ಲೇ ಕೂತುಬಿಟ್ಟಳು. “ಆಯಿ, ನನ್ನ ಧಂದೆ ನೀನೇ ಮುಗಿಸಿದಿ!”

“ಹ್ಯಾಂಗೂ ನೀ ಮುಗಿಸಾಕ ಹೊಂಟಿದ್ದಿ,” ಎಂದೆ. ಆಮೇಲೆ ಫೋನು ಕೂಗಿದಾಗಲೆಲ್ಲ ಮಾತ್ರ ಅಡುಗೆಮನೆ ಸೇರುತ್ತಿದ್ದೆ. ನಾಲಿಗೆ ಉದ್ದ ಇದ್ದವರ ಹಣೆಬರಹ ಇದು.

ಮರುದಿನ ಮಹಬೂಬಸಾಬ ಬಂದ. ಜೊತೆಗೆ ಅವನ ತಾಯಿ ಹುಸೇನಬೀ, ನನ್ನದೇ ವಯಸ್ಸಿನವಳು. ಹೊಸ್ತಿಲಲ್ಲೇ ಕೇಳಿದಳು, “ಬುದ್ಧಿ ಇದ್ದವರನ್ನ ಕರ್ಕೊಂಡು ಬಾ ಅಂದೋರು ಯಾರ್ರಿ?”

“ನಾನೇರಿ,” ಎಂದೆ.

“ಮನಿ ಮಂದಿ ಎಲ್ಲಾ ಸಿಟ್ಟಿಗೆದ್ದಾರ. ನಾ ಒಬ್ಬಾಕಿ ನಕ್ಕೆ. ಅದಕ್ಕ ನಾನೇ ಬಂದೆ,” ಎಂದು ಒಳಗೆ ಬಂದು ಚಾಪೆಯ ಮೇಲೆ ಕೂತಳು.

ಚಹಾ ಕುಡಿಸಿದೆ. ಅಷ್ಟರಲ್ಲಿ ಅಂಬಿ, ನಾನು ಹೇಳಿದಂತೆ, ದಪ್ಪ ಕಾಗದ ಮಡಚಿ ನಿಜವಾದ ಅಳತೆಯ ಡಬ್ಬಿಯೊಂದನ್ನು ಮಾಡಿಟ್ಟಿದ್ದಳು. ಬೇಕರಿಯ ಹೆಸರನ್ನು ಬೇರೆ ಚೀಟಿಯಲ್ಲಿ ಕತ್ತರಿಸಿಟ್ಟಿದ್ದಳು.

“ಈ ಡಬ್ಬಿ ಯಾರು ಒಯ್ತಾರ್ರಿ ಅಕ್ಕಾ?” ಎಂದು ಹುಸೇನಬೀಯನ್ನು ಕೇಳಿದೆ.

ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಮುಚ್ಚಳದ ಮೇಲೆ ಇಟ್ಟಳು. “ತವರಿಗೆ ಹೋಗೋ ಹೆಣ್ಮಕ್ಕಳು. ಬಸ್ಸಿನ್ಯಾಗ ಹಿಂಗ ಹಿಡ್ಕೊಂಡು ಕೂಡ್ತಾರ.” ನಂತರ ಮಗನ ಕಡೆ ತಿರುಗಿದಳು. “ನೋಡೋ ಬೇಟಾ, ಒಂದು ತಿಂಗಳು ಮುಚ್ಚಳದ ಸಲುವಾಗಿ ಬಡದಾಡೀರಿ. ಮುಚ್ಚಳ ಕಾಣ್ತದೇನು?”

ಕಾಣುತ್ತಿರಲಿಲ್ಲ. ಕೈಯೇ ಕಾಣುತ್ತಿತ್ತು. ಕಾಣುತ್ತಿದ್ದದ್ದು ಡಬ್ಬಿಯ ಪಕ್ಕ, ಅಲ್ಲಿ ಏನೂ ಇರಲಿಲ್ಲ. ನಾನು ಅಂಟಿನ ಡಬ್ಬಿಯನ್ನು ಹುಸೇನಬೀಯ ಮುಂದೆ ಸರಿಸಿದೆ. ಅವಳು ಕನ್ನಡಕ ಏರಿಸಿಕೊಂಡು, ನಾಲಿಗೆ ಕಚ್ಚಿಕೊಂಡು, ಹೆಸರನ್ನು ಪಕ್ಕದ ಮೇಲೆ ಅಂಟಿಸಿದಳು. ಒಂದು ಬದಿ ಸ್ವಲ್ಪ ಮೇಲಕ್ಕೆ ಹೋಗಿತ್ತು.

“ಆಯಿ, ಸೊಟ್ಟ ಆಗ್ಯದ,” ಎಂದು ಅಂಬಿ ನನ್ನ ಕಿವಿಯಲ್ಲಿ ಹೇಳಿದಳು.

“ಬಾಯಿ ಮುಚ್ಚು,” ಎಂದೆ.

ಅದಾದ ಮೇಲೆ ಗುಂಪಿನಿಂದ ಒಂದು ಮಾತೂ ಬರಲಿಲ್ಲ. ಅಮ್ಮ ತನ್ನ ಕೈಯಿಂದ ಅಂಟಿಸಿದ್ದನ್ನು ಕೀಳುವ ಧೈರ್ಯ ಹನ್ನೊಂದು ಜನರಲ್ಲಿ ಯಾರಿಗೂ ಇರಲಿಲ್ಲ. ಗುರುವಾರ ಅಂಬಿ ಯಾದಗಿರಿಗೆ ಫೋನು ಮಾಡಿ ಬರುವುದಿಲ್ಲವೆಂದಳು. ಈಗ ಅವಳ ಲ್ಯಾಪ್‌ಟಾಪಿನಲ್ಲಿ ಹೊಸ ಗಿರಾಕಿಗಳಿಗೆಂದು ಒಂದು ಹಾಳೆಯಿದೆ. ಅದರ ಮೊದಲ ಪ್ರಶ್ನೆ ನನ್ನ ಕೌದಿಯದೇ, “ಇದನ್ನು ಹೊದ್ದುಕೊಳ್ಳುವವರು ಯಾರು?” ಗೊಬ್ಬರದ ಅಂಗಡಿಯವನು ಅದನ್ನು ಓದಿ ಗಾಬರಿಯಾಗಿ ಫೋನು ಮಾಡಿದ್ದ. ಬದಲಿಸು ಎಂದರೆ ಅಂಬಿ ಕೇಳುವುದಿಲ್ಲ. ಆ ನೆವದಿಂದ ಮಾತು ಶುರುವಾಗುತ್ತದಂತೆ.

ಮೊನ್ನೆ ಬಂದದ್ದು ಅದೇ ಡಬ್ಬಿ, ಅಚ್ಚಾಗಿ. ಅಂಬಿ ಹೆಸರನ್ನು ಸೊಟ್ಟವಾಗಿಯೇ ಬಿಟ್ಟಿದ್ದಾಳೆ. ಬಸ್ಸು ಗುಂಡಿಗೆ ಇಳಿದಾಗ ಹೆಸರೂ ಕುಲುಕಾಡಿತೇನೋ ಎಂಬಂತೆ ಕಾಣುತ್ತದೆ, ಚಂದ ಕಾಣುತ್ತದೆ. ನಾನ್‌ಖಟಾಯಿಯನ್ನು ಚಹಾದಲ್ಲಿ ಅದ್ದಿ ಅದ್ದಿ ಸಂಜೆಯೊಳಗೆ ಮುಗಿಸಿದೆ. ಡಬ್ಬಿ ಖಾಲಿಯಾಗಬೇಕಿತ್ತಲ್ಲ.

ಮರುದಿನ ಬೆಳಿಗ್ಗೆ, ಅಂಬಿ ಏಳುವ ಮೊದಲು, ಗಾಳಿಗೆ ಹಾರದಿರಲೆಂದು ಡಬ್ಬಿಯೊಳಗೆ ಒಂದು ಕಲ್ಲಿಟ್ಟು, ಕೌದಿಯ ದಾರದಿಂದ ಕಟ್ಟಿ, ಹೆಸರು ಬೀದಿಗೆ ಕಾಣುವಂತೆ ಗೋಡೆಯ ಆ ಹಳೆಯ ಮೊಳೆಗೆ ನೇತು ಹಾಕಿದೆ. ಆಮೇಲೆ ಒಳಗೆ ಹೋಗಿ, ಬರುವ ಗಿರಾಕಿಗೆಂದು ಚಾಪೆ ಹಾಸಿದೆ.