ಗರ್ದಿ ಇದ್ದಾಗ ಒತ್ತುವ ಗುಂಡಿ

ಮೊನ್ನೆ ಚಿಕ್ಕೋಡಿಯ ತಹಶೀಲ್ದಾರ ಕಚೇರಿಯ ಮುಂದೆ ನಿಂತು ಫೋನಿನಲ್ಲಿ ಪಹಣಿ ತೆಗೆಯಲು ಹೋದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಅದನ್ನು ನೋಡುತ್ತ ಸುಮ್ಮನೆ ನಿಲ್ಲುವುದು ನನ್ನಿಂದಾಗದ ಕೆಲಸ. ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ. ಅಷ್ಟರಲ್ಲಿ ನನ್ನ ಹೆಬ್ಬೆರಳು ತಾನಾಗಿ ಪರದೆಯ ಮೇಲಂಚಿಗೆ ಹೋಗಿ ಏನನ್ನೋ ತಡಕಿತು. ಅಲ್ಲಿ ಏನೂ ಇರಲಿಲ್ಲ. ಅದು ಇದ್ದದ್ದು ನಿಪ್ಪಾಣಿಯಲ್ಲಿ, ಹತ್ತು ಹನ್ನೆರಡು ವರ್ಷದ ಹಿಂದೆ.

ಎಂಟನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಬಸ್ ನಿಲ್ದಾಣದ ಹಿಂದಿನ ಇಂಟರ್ನೆಟ್ ಅಂಗಡಿಗೆ ಕಸ ಹೊಡೆಯಲು ಸೇರಿ, ವರ್ಷದೊಳಗೆ ಗಿರಾಕಿಗಳಿಗೆ ಪುಟ ತೆಗೆದುಕೊಡುವವನಾದೆ. ಇಂಗ್ಲಿಷ್ ಬರುತ್ತಿತ್ತೇ ಎಂದು ಕೇಳಬೇಡಿ. ಅಕ್ಷರ ಬಾರದವರು ಬೋರ್ಡಿನ ಮೇಲಿನ ಹೆಸರಿನ ಉದ್ದಗಿಡ್ಡ ನೋಡಿ ಅಥಣಿ ಬಸ್ಸು ಹತ್ತುತ್ತಾರಲ್ಲ, ಹಾಗೆ ನಾನು ಕಂಪ್ಯೂಟರು ಓದುತ್ತಿದ್ದೆ.

ಕೊಲ್ಹಾಪುರದಲ್ಲಿ ಇಂಜಿನಿಯರಿಂಗ್ ಕಲಿಯುತ್ತಿದ್ದ ಗಿರಾಕಿಯೊಬ್ಬ ಒಂದು ದಿನ ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಪುಟ್ಟ ಗುಂಡಿ ಕೂರಿಸಿಕೊಟ್ಟ. ನೋಡಲು ಅದೂ ಬುಕ್‌ಮಾರ್ಕೇ. ಆದರೆ ವಿಳಾಸವನ್ನಲ್ಲ, ಮಾಡಬೇಕಾದ ಕೆಲಸವನ್ನು ನೆನಪಿಟ್ಟುಕೊಂಡಿತ್ತು.

“ನೋಡ ದಾದಾ, ಸೈಟಿನ ಮ್ಯಾಲ ಮಂದಿ ಗರ್ದಿ ಆಗಿ ಪುಟ ತಗೀಲಿಲ್ಲಂದ್ರ ಇದನ್ನ ಒತ್ತು. ಅದರ ಝೆರಾಕ್ಸ್ ಬ್ಯಾರೆ ಕಡೆ ಇಟ್ಟಿರ್ತಾರ, ಅದು ತಗೀತೈತಿ,” ಅಂದ.

ಝೆರಾಕ್ಸ್ ಯಾವಾಗ ತೆಗೆದದ್ದು ಎಂದು ನಾನು ಕೇಳಲಿಲ್ಲ. ಕೇಳಿದರೆ ನನ್ನ ಬುದ್ಧಿ ಎಷ್ಟೆಂದು ತಿಳಿಯುತ್ತಿತ್ತು.

ಆಮೇಲೆ ನನ್ನ ಕಾರಭಾರ ನೋಡಬೇಕಿತ್ತು ನೀವು. ಫಲಿತಾಂಶದ ದಿನ ಊರಿನ ಎಲ್ಲ ಅಂಗಡಿಗಳಲ್ಲಿ ಪರದೆ ಬೆಳ್ಳಗೆ ನಿಂತಾಗ ನನ್ನ ಪರದೆಯ ಮೇಲೆ ಏನಾದರೂ ಒಂದು ಪುಟ ತೆರೆದುಕೊಳ್ಳುತ್ತಿತ್ತು. ಭೋಜದಿಂದ, ರಾಯಬಾಗದಿಂದ ಬಂದವರು ಕುರ್ಚಿಯ ಹಿಂದೆ ಮೂರು ಸಾಲು ನಿಲ್ಲುತ್ತಿದ್ದರು. “ಮಾಸ್ತರ, ನಿಮ್ಮ ಗುಂಡಿ ಒತ್ರಿ,” ಎನ್ನುತ್ತಿದ್ದರು. ಮಾಸ್ತರ! ಹಾಗೆ ಕರೆಸಿಕೊಂಡ ದಿನ ಮನೆಗೆ ಹೋಗುವಾಗ ನನ್ನ ನಡಿಗೆಯೇ ಬೇರೆಯಾಗುತ್ತಿತ್ತು.

ನಿಜವಾಗಿ ಮಾಸ್ತರಾಗಬೇಕಿದ್ದವಳು ನನ್ನ ತಂಗಿ ಸುಜಾತಾ. ಪಿಯುಸಿ ಮುಗಿಸಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದಳು. ಪತ್ರ ಬರುವುದಿಲ್ಲ, ಆಯ್ಕೆಯ ಪಟ್ಟಿಯನ್ನು ಇಂಟರ್ನೆಟ್ಟಿನಲ್ಲೇ ನೋಡಿಕೊಳ್ಳಬೇಕು ಎಂದು ಅರ್ಜಿಯಲ್ಲೇ ಇತ್ತು. ಪಟ್ಟಿ ಬಂದ ಬೆಳಿಗ್ಗೆ ಅವಳು ಜಡೆ ಹಾಕಿಕೊಂಡು ತಯಾರಾಗಿ ನಿಂತಿದ್ದಳು.

“ನಾನೂ ಬರ್ತೀನಿ ದಾದಾ.”

“ಆ ಹುಡುಗೂರ ಗರ್ದ್ಯಾಗ ನೀ ಯಾಕ? ನಾ ನೋಡಿ ಬರ್ತೀನಿ.”

ಪುಟ ತೆರೆಯಲಿಲ್ಲ. ಕಾಯಬಹುದಿತ್ತು. ನನ್ನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ಗುಂಡಿ ಒತ್ತಿದೆ. ಪಟ್ಟಿ ಬಂತು. ಮೇಲುಗಡೆ ಎಂದಿನಂತೆ ಇಂಗ್ಲಿಷಿನ ಎರಡು ಸಾಲು. ನಾನು ಎಂದಿನಂತೆ ಅದನ್ನು ದಾಟಿ ಕೆಳಗಿಳಿದೆ. ಅವಳ ನಂಬರು ಇರಲಿಲ್ಲ. ಮನೆಗೆ ಬಂದು ಹೇಳಿದೆ.

“ಸರಿಯಾಗಿ ನೋಡಿದ್ಯಾ?” ಎಂದಳು.

“ಎರಡ ಸಲ ನೋಡೀನಿ.”

ಅವಳು ಜಡೆ ಬಿಚ್ಚಿ ಮುಸುರೆ ತಿಕ್ಕಲು ಕೂತಳು.

ಎರಡು ವಾರದ ಮೇಲೆ ಬೇರೊಬ್ಬ ಹುಡುಗಿಗಾಗಿ ಅದೇ ಪುಟ ತೆಗೆದೆ. ಗರ್ದಿ ಇಳಿದಿತ್ತು, ಅಸಲು ಪುಟವೇ ಬಂತು. ಅದರಲ್ಲಿ ಸುಜಾತಾಳ ನಂಬರು ಇತ್ತು. ನಾನು ಅಂದು ನೋಡಿದ್ದು ಅದೇ ಪುಟದಲ್ಲಿ ಅದಕ್ಕೂ ಮೊದಲು ಇದ್ದ ಹಳೇ ಪಟ್ಟಿಯ ನಕಲು. ಪ್ರಮಾಣಪತ್ರ ತೋರಿಸುವ ದಿನ ಕಳೆದು ನಾಲ್ಕು ದಿನವಾಗಿತ್ತು. ಓಡಿಹೋಗಿ ಹೇಳಿದ್ದರೆ, ಯಾರದಾದರೂ ಕೈಕಾಲು ಹಿಡಿದಿದ್ದರೆ, ಏನಾದರೂ ಆಗುತ್ತಿತ್ತೋ ಏನೋ. ನಾನು ಪುಟ ಮುಚ್ಚಿದೆ. ಹೇಳಲಿಲ್ಲ.

ಅವಳು ಹೊಲಿಗೆ ಕಲಿತಳು, ಉಗಾರ ಬುದ್ರುಕಕ್ಕೆ ಮದುವೆಯಾಗಿ ಹೋದಳು. ಆಕೆಯ ಮನೆಯಲ್ಲಿ ನಾನು ಒಂದು ತಾಸು ನೆಟ್ಟಗೆ ಕೂತದ್ದಿಲ್ಲ. “ನಿನ್ನ ಕಾಲಾಗ ಏನ್ ಇರಿವಿ ಹೊಕ್ಕಾವೇನೋ?” ಎಂದು ನಗುತ್ತಿದ್ದಳು.

ಮೊನ್ನೆ ಪಹಣಿ ಬಿಟ್ಟು ಚಿಕ್ಕೋಡಿಯಿಂದ ನೇರ ಅವಳ ಊರಿಗೆ ಹೋದೆ. ಅವಳು ಮಷೀನಿನ ಮುಂದೆ ಕುಪ್ಪಸ ಹೊಲಿಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಮಷೀನು ನಿಂತಿತು.

“ಆ ಮ್ಯಾಲಿನ ಎರಡ ಸಾಲಿನ್ಯಾಗ ಏನ್ ಬರದಿತ್ತು?”

“ತಾರೀಖು. ಇದು ಹಳೇ ನಕಲು, ಈಗ ಬದಲಾಗಿರಬಹುದು ಅಂತ. ಆಮ್ಯಾಲ ಒಬ್ಬರ ಕಡೆ ಓದಿಸಿದೆ.”

“ಅಷ್ಟ ಇಂಗ್ಲಿಷ್ ನನಗ ಬರತಿತ್ತಲ್ಲೋ. ಬರ್ತೀನಿ ಅಂದಿದ್ನಲ್ಲ?”

ಇಷ್ಟು ವರ್ಷ ನಾನು ಆ ಗುಂಡಿಯನ್ನು, ಆ ಎರಡು ಸಾಲನ್ನು ಬೈದುಕೊಂಡಿದ್ದೆ. ಬೆಳಿಗ್ಗೆ ಬಾಗಿಲಲ್ಲಿ ತಯಾರಾಗಿ ನಿಂತವಳನ್ನು ನೆನೆಸಿಕೊಂಡಿರಲೇ ಇಲ್ಲ.

“ಹುಡುಗೂರು...” ಅಂದೆ.

“ಹುಡುಗೂರು ನನ್ನ ಏನ್ ತಿಂತಿದ್ರು? ಖರೇ ಹೇಳು.”

“ಅಲ್ಲಿ ಎಲ್ಲಾರೂ ನನಗ ಮಾಸ್ತರ ಅಂತಿದ್ರು. ನೀ ಬಂದ ಓದಿದ್ರ, ನನಗ ಇಂಗ್ಲಿಷ್ ಓದಾಕ ಬರೂದಿಲ್ಲ ಅನ್ನೂದು ಗೊತ್ತಾಗತಿತ್ತು.”

ಅವಳು ಬಟ್ಟೆಯ ಅಂಚನ್ನು ಬೆರಳಲ್ಲಿ ಮಡಚಿದಳು, ಬಿಡಿಸಿದಳು. “ನನಗ ಮೊದಲಿಂದಾನ ಗೊತ್ತಿತ್ತಲ್ಲೋ ದಾದಾ,” ಅಂದಳು. “ಕೇಳಿದ್ರ ನಾನ ಕಲಿಸ್ತಿದ್ದೆ.”

ಇದನ್ನು ಬರೆದು ಮೊದಲು ಅವಳಿಗೇ ಕಳಿಸಿದೆ. ಎಂಟು ಕಡೆ ಒತ್ತಕ್ಷರ ತಿದ್ದಿ ಮರಳಿಸಿದ್ದಾಳೆ. ಕ್ಷಮಿಸಿದೆ ಎಂದು ಎಲ್ಲೂ ಬರೆದಿಲ್ಲ. ತಿದ್ದಿದ ಆ ಎಂಟು ಪದಗಳನ್ನು ನಾನು ದಿನಾ ಒಂದೊಂದು ಸಲ ಬರೆದು ನೋಡುತ್ತಿದ್ದೇನೆ.