ಅಕ್ಕನ ತಲೆಯ ಜಡೆ ಬಿಡಿಸಿದ್ದು

ಪಡಸಾಲೆಯಲ್ಲಿ ಅಂದು ನಾವು ಐದು ಮಂದಿ. ಕಂಬಕ್ಕೆ ಒರಗಿ ನಮ್ಮ ಮುದುಕಿ ಆಯಿ, ಬಾಗಿಲಲ್ಲಿ ದೊಡ್ಡಪ್ಪ, ಕಂಬಳಿಯ ಮೇಲೆ ನಮ್ಮಕ್ಕ, ಅವಳ ಬೆನ್ನ ಹಿಂದೆ ಹುನಗುಂದದ ದವಾಖಾನಿಯ ನರ್ಸಬಾಯಿ, ಎಣ್ಣೆ ಬಟ್ಟಲು ಹಿಡಿದು ನಾನು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಇಳಕಲ್ಲಿಗೆ ಹತ್ತಿರದ ಊರು ನಮ್ಮದು, ಮನೆಯಲ್ಲಿ ಮಗ್ಗ.

ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯೊಳಗಿಂದ ಯಾರೋ ಮಾತಾಡುವುದು ಅಕ್ಕನಿಗೆ ಕೇಳುತ್ತಿತ್ತು. ಅವರು ಬೈದರೆ ಇವಳೂ ತಿರುಗಿ ಬೈಯುವಳು. ನೇಯುವುದು ಬಿಟ್ಟಳು, ಮೀಯುವುದು ಬಿಟ್ಟಳು, ತಲೆ ಮುಟ್ಟಗೊಡಲಿಲ್ಲ. ಕೂದಲು ಹೆಣೆದುಕೊಂಡು ಹಗ್ಗದಂತಾಯಿತು. ಜಡೆ ಬಂತೆಂದರೆ ನಮ್ಮ ಕಡೆ ಎಲ್ಲವ್ವ ಕರೆದಳೆಂದೇ ತಿಳಿಯುವುದು. ಬರುವ ಹುಣ್ಣಿಮೆಗೆ ಗುಡ್ಡಕ್ಕೆ ಒಯ್ದು ಅಕ್ಕನ ಕೊರಳಿಗೆ ಮುತ್ತು ಕಟ್ಟಿಸಬೇಕೆಂದು ದೊಡ್ಡಪ್ಪ ನಿಶ್ಚಯಿಸಿದ್ದ. ಕಟ್ಟಿದ ಮೇಲೆ ಅವಳು ದೇವಿಯ ಪಾಲು. ಲಗ್ನವಿಲ್ಲ, ತವರಿಲ್ಲ, ಜೋಗ ಬೇಡಿ ತಿನ್ನಬೇಕು.

ಹದಿನೈದು ದಿನಕ್ಕೊಮ್ಮೆ ಅಕ್ಕನಿಗೆ ಈ ಬೇನೆಯ ಸೂಜಿ ಮಾಡಲು ಬರುತ್ತಿದ್ದ ನರ್ಸಬಾಯಿಗೆ ಈ ಸುದ್ದಿ ತಿಳಿಯಿತು. ಅಂದು ಅವರು ಬೇಗ ಎದ್ದು ಹೋಗಲಿಲ್ಲ.

"ಕತ್ತರಿ ಮುಟ್ಟಿಸಬ್ಯಾಡ್ರಿ ಬಾಯಾರ," ಅಂದಳು ಆಯಿ. "ಜಡಿ ಕತ್ತರಿಸಿದ್ರ ತಾಯಿ ಸಿಟ್ಟಾಗ್ತಾಳ."

"ಕತ್ತರಿ ತಂದೇ ಇಲ್ಲಬೇ. ಬಿಡಸ್ತೇನಿ. ಎರಡು ವರ್ಷ ಬಾಚಣಿಕಿ ಕಾಣದ ತಲ್ಯಾಗ ಜಡಿ ಬರದ ಮತ್ತೇನು ಮಲ್ಲಿಗಿ ಅರಳತೈತಿ?"

"ದೇವಿ ಕೇಳಿದ್ದನ್ನ ಬಿಡಸಾಕ ನೀವ್ಯಾರ್ರಿ?" ದೊಡ್ಡಪ್ಪ ಬಾಗಿಲಿನಿಂದಲೇ ಕೇಳಿದ.

"ನಾ ಯಾರೂ ಅಲ್ರಿ ಯಜಮಾನ್ರ. ತಲಿ ಯಾರದೈತಿ ಅವರನ್ನ ಕೇಳೂಣು." ಅಕ್ಕನ ಕಿವಿಯ ಹತ್ತಿರ ಬಾಗಿದರು. "ತಂಗಿ, ಕುಣ್ಯಾಗಿನವರು ಈಗ ಏನಂತಾರ?"

"ನಿಮ್ಮ ಕೈಯಾಗ ತಲಿ ಕೊಡಬ್ಯಾಡ ಅನ್ನಾಕತ್ಯಾರ."

"ಅವರದು ಇರಲಿ. ನೀ ಏನಂತಿ?"

ಅಕ್ಕನನ್ನು ಹಾಗೆ ಯಾರೂ ಕೇಳಿರಲಿಲ್ಲ. ಅವಳ ಕೈ ತಲೆಗೆ ಹೋಯಿತು. "ತುರಸ್ತೈತ್ರಿ," ಅಂದಳು. "ಭಾಳ ತುರಸ್ತೈತಿ."

ಆಯಿಗೆ ನಗು ತಡೆಯಲಾಗಲಿಲ್ಲ. "ಬಿಡಸ್ರಿ ಮತ್ತ. ತಾಯಿ ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ. ನಂದೇನು, ಹಣ್ಣೆಲಿ."

ದಬ್ಬಣದ ತುದಿಯಿಂದ ಎಳೆ ಎಳೆ ಬಿಡಿಸುತ್ತ, ಹರಳೆಣ್ಣೆ ತಿಕ್ಕುತ್ತ ಹೊತ್ತು ಇಳಿಯಿತು. ಅರ್ಧವೇ ಆಗಿತ್ತು. ಮುಂದಿನ ಸಲ ಬಂದಾಗ ಉಳಿದದ್ದು. ನಡುವಿನ ದಿನಗಳಲ್ಲಿ ಅಕ್ಕ ತಾನೇ ಬಿಸಿಲಿಗೆ ಕೂತು ಒಂದೊಂದೇ ಗಂಟು ಬಿಡಿಸಿಕೊಳ್ಳುವುದನ್ನು ದೊಡ್ಡಪ್ಪ ನಿಂತು ನೋಡಿದ. ಕುಣಿಯೊಳಗಿನವರು ಪೂರ್ತಿ ಸುಮ್ಮನಾದರೆಂದೇನಲ್ಲ. ಆದರೆ ಅವಳ ಬೈಗುಳ ಕಡಿಮೆಯಾಗಿತ್ತು.

ಹುಣ್ಣಿಮೆಗೆ ದೊಡ್ಡಪ್ಪ ಗುಡ್ಡಕ್ಕೆ ಒಬ್ಬನೇ ಹೋಗಿ ಬಂದ. ತಂದ ಅರಿಶಿನ ಭಂಡಾರವನ್ನು ಅಕ್ಕನ ಹಣೆಗೆ ಹಚ್ಚಿದ. ಆ ವಾರವೇ ಅಕ್ಕ ನನ್ನ ಜೊತೆ ಬಸ್ ಹತ್ತಿ, ಹುನಗುಂದಕ್ಕೆ ತಾನೇ ಸೂಜಿಗೆ ಹೋದಳು.