ಬ್ರೇಕ್ ಮೇಷ್ಟ್ರ ಕಾರಿಗೆ ಬಂದ ಜ್ವರ

ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಬ್ರೇಕ್ ಮೇಷ್ಟ್ರ ಶಿಷ್ಯರು. ಉಳಿದರ್ಧ ಜನ ಆ ಶಿಷ್ಯರಿಗೆ ದಾರಿ ಬಿಟ್ಟು ಜೀವ ಉಳಿಸಿಕೊಂಡವರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಮೇಷ್ಟ್ರ ಬಲಗಾಲು ಆ ಬ್ರೇಕಿನ ಮೇಲೆ ಅದೆಷ್ಟು ವರ್ಷ ತಪಸ್ಸು ಮಾಡಿತ್ತೆಂದರೆ, ಮನೆಯ ಸೋಫಾದಲ್ಲಿ ಕೂತು ಟೀವಿ ನೋಡುವಾಗ ಧಾರಾವಾಹಿಯ ಸೊಸೆ ಮೆಟ್ಟಿಲಿಳಿದು ಓಡಿದರೂ ಅದು ನೆಲವನ್ನು ಒತ್ತುತ್ತಿತ್ತು. ಹೆಸರು ಬಂದದ್ದು ಹಾಗೆ.

"ಎದುರಿಗೆ ಬರೋನನ್ನ ನಂಬಬೇಡಿ, ಪಕ್ಕದಲ್ಲಿ ಬರೋನನ್ನ ನಂಬಬೇಡಿ, ಬ್ರೇಕನ್ನ ನಂಬಿ" ಎಂಬುದು ಅವರ ಮೊದಲ ಪಾಠ. ಇಂಥ ಮನುಷ್ಯ ಬ್ರೇಕಿಲ್ಲದೆ ನಂಬಿದ್ದು ಇಬ್ಬರನ್ನು ಮಾತ್ರ. ಒಬ್ಬಳು ಹೆಂಡತಿ, ಇನ್ನೊಬ್ಬ ಹೆಂಡತಿಯ ತಮ್ಮ.

ಈ ಭಾವಮೈದುನ ಕಾರಿನ ಶೋರೂಮಿನಲ್ಲಿ ಸರ್ವಿಸ್ ಕೌಂಟರ್ ನೋಡಿಕೊಳ್ಳುತ್ತಿದ್ದ. ಬಂದವರ ದೂರು ಕೇಳಿ, ತಲೆಯಾಡಿಸಿ, ಕಾರನ್ನು ಒಳಗೆ ಕಳಿಸುವುದು ಅವನ ಕೆಲಸ. ಅವನಿಗೆ ಡ್ರೈವಿಂಗ್ ಕಲಿಸಿದವರೂ ಮೇಷ್ಟ್ರೇ. "ಗೇರ್ ನೋಡಬೇಡವೋ, ರೋಡ್ ನೋಡು" ಎಂದು ತಲೆಗೆ ಮೊಟಕಿ ಮೊಟಕಿ ಮನುಷ್ಯನನ್ನಾಗಿ ಮಾಡಿದ್ದರು. ಹಾಗಾಗಿ ಮೇಷ್ಟ್ರು ಸ್ಕೂಲಿನ ಹಳೆಯ ಕಾರಿಗೆ ವಿದಾಯ ಹೇಳಿ ಹೊಸದನ್ನು ಕೊಂಡಾಗ ಅವನ ಕೈಯಿಂದಲೇ ಕೊಂಡರು. ಕೀಲಿಕೈ ಕೊಡುತ್ತಾ ಅವನು ಒಂದು ಉಪದೇಶವನ್ನೂ ಕೊಟ್ಟ.

"ಭಾವ, ಏನೇ ಆಗ್ಲಿ, ಬಾನೆಟ್ ಮಾತ್ರ ನೀವಾಗಿ ಎತ್ತಬೇಡಿ. ಹೊರಗಿನವರ ಕೈ ಬಿತ್ತು ಅಂದ್ರೆ ವಾರಂಟಿ ಹೋಯ್ತು."

"ನಾನು ಹೊರಗಿನವನೇನೋ?"

"ಕಂಪನಿಗೆ ಹೊರಗಿನವರು ಭಾವ. ನಮಗಾ?" ಎಂದು ನಕ್ಕ.

ನಿಯಮವೆಂದರೆ ಮೇಷ್ಟ್ರಿಗೆ ಪ್ರಾಣ. ಒಮ್ಮೆ ಖಾಲಿ ರಸ್ತೆಯಲ್ಲಿ ಕೆಟ್ಟು ಕೆಂಪಗೇ ನಿಂತ ಸಿಗ್ನಲ್ ಮುಂದೆ ಅವರೂ ಕೆಟ್ಟವರಂತೆ ನಿಂತಿದ್ದರು. ಕೊನೆಗೆ ಪೊಲೀಸಿನವನೇ ಬಂದು, "ಸ್ವಾಮಿ, ದಯವಿಟ್ಟು ಹೋಗಿ" ಎಂದು ಕೈ ಮುಗಿಯಬೇಕಾಯಿತು. ಅಂಥವರಿಗೆ ಬಾನೆಟ್ ಎತ್ತಬೇಡ ಎಂದರೆ ಮುಗಿಯಿತು. ಆ ದಿನದಿಂದ ಅವರು ಬಾನೆಟ್ಟನ್ನು ಹೊರಗಿನಿಂದ ಒರೆಸಿದರೇ ಹೊರತು ಒಳಗೆ ಇಣುಕಲಿಲ್ಲ.

ಮೊದಲ ವರ್ಷ ಕಾರು ಹಸುಗೂಸಿನಂತಿತ್ತು. ಭಾವಮೈದುನನೂ ಅಷ್ಟೇ. ವಾರದ ರಜೆಯಲ್ಲಿ, ಮೇಷ್ಟ್ರು ಊಟ ಮುಗಿಸಿ ಮಲಗುವ ಹೊತ್ತಿಗೆ ಬಂದು, "ಭಾವ, ಕಾರು ತೊಳೆಸ್ಕೊಂಡು ಬರ್ತೀನಿ" ಎನ್ನುವನು. "ನಾನೂ ಅಂಗಡಿ ಕಡೆ ಹೋಗಿ ಬರ್ತೀನಿ ರೀ" ಎಂದು ಹೆಂಡತಿಯೂ ಹೊರಡುವಳು. ಮೇಷ್ಟ್ರು ಏಳುವಷ್ಟರಲ್ಲಿ ಕಾರು ಫಳಫಳ ಎನ್ನುತ್ತಾ ಗೇಟಿನ ಮುಂದಿರುತ್ತಿತ್ತು. "ಭಾವಮೈದುನ ಅಂದ್ರೆ ಹೀಗಿರಬೇಕು" ಎಂದು ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದರು. ಒಂದು ಸಲವಂತೂ ಮುಂದಿನ ಬಂಪರ್ ಎಷ್ಟು ಹೊಳೆಯುತ್ತಿತ್ತೆಂದರೆ, ಅದರಲ್ಲಿ ಮುಖ ನೋಡಿಕೊಂಡು ಮೀಸೆ ಸರಿಮಾಡಿಕೊಂಡಿದ್ದರು.

ಜ್ವರ ಶುರುವಾದದ್ದು ಆಮೇಲೆ.

ಅದನ್ನು ಮೊದಲು ಪತ್ತೆ ಹಚ್ಚಿದವರು ಆಸ್ಪತ್ರೆಯ ಹೆಡ್ ನರ್ಸ್. ನಿವೃತ್ತಿಗೆ ಮುಂಚೆ ಕಾರು ಕಲಿಯಲೇಬೇಕೆಂದು ಹಟ ಹಿಡಿದು ಬಂದವರು. ಮೇಲ್ಸೇತುವೆ ಹತ್ತುವಾಗ ಡ್ಯಾಶ್‌ಬೋರ್ಡಿನ ಮುಳ್ಳನ್ನು ನೋಡಿ, "ಮೇಷ್ಟ್ರೇ, ಇದಕ್ಕೆ ಟೆಂಪರೇಚರ್ ಬಂದಿದೆ" ಎಂದರು.

"ಸಿಸ್ಟರ್, ನೀವು ರೋಡ್ ನೋಡಿ."

"ರೋಡಿಗೆ ಏನೂ ಆಗಿಲ್ಲ. ಇದಕ್ಕೆ ಆಗಿದೆ."

ಮೇಷ್ಟ್ರು ನೋಡುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ದಾಟಿತ್ತು, ಬಾನೆಟ್ ಸಂದಿಯಿಂದ ಆವಿ ಏಳುತ್ತಿತ್ತು. ಕಾರನ್ನು ಬದಿಗೆ ನಿಲ್ಲಿಸಿ, ತಣ್ಣಗಾಗುವವರೆಗೆ ಕಾದು, ಮೆಲ್ಲಗೆ ಸರ್ವಿಸ್ ಸೆಂಟರಿಗೆ ಒಯ್ದರು. ಭಾವಮೈದುನ ತಾನೇ ಕೀಲಿ ತೆಗೆದುಕೊಂಡು ಒಳಗೆ ಹೋದ, ತಾನೇ ಹೊರಗೆ ಬಂದ.

"ಏನೂ ಇಲ್ಲ ಭಾವ. ಎಲ್ಲಾ ನಾರ್ಮಲ್."

ಅಲ್ಲಿಂದ ಮುಂದಿನ ಕಥೆ ಪೂರಾ ಹೀಗೇ. ಕೆಲವು ದಿನ ಕಾರು ಸಾಧುವಿನಂತೆ ಓಡುವುದು, ಇದ್ದಕ್ಕಿದ್ದಂತೆ ಒಂದು ದಿನ ದೂರ್ವಾಸನಾಗುವುದು. ಸರ್ವಿಸ್ ಸೆಂಟರಿನ ಗೇಟು ದಾಟಿದೊಡನೆ ಮತ್ತೆ ಸಾಧು. ಮೇಷ್ಟ್ರು ಹೋದಾಗಲೆಲ್ಲ ಮೆಕ್ಯಾನಿಕ್‌ಗಳು ಪರಸ್ಪರ ಕಣ್ಣು ಹೊಡೆದುಕೊಳ್ಳತೊಡಗಿದರು. ಒಬ್ಬನಂತೂ, "ಸಾರ್, ಕಾರಿಗೆ ಏನಿಲ್ಲ. ನೀವೇ ಒಂದು ಸಲ ಬಿಪಿ ಚೆಕ್ ಮಾಡಿಸಿ" ಎಂದೇಬಿಟ್ಟ. ಜೀವಮಾನವೆಲ್ಲ ಎಂಜಿನ್ನಿನ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುತ್ತಿದ್ದವರಿಗೆ ಈ ಮಾತು ಚಪ್ಪಲಿಯಲ್ಲಿ ಹೊಡೆದಂತಾಯಿತು. ಕಲಿಯಲು ಬರುವವರ ಕಿವಿಗೂ ಸುದ್ದಿ ಬಿತ್ತು. ಮೇಷ್ಟ್ರಿಗೆ ವಯಸ್ಸಾಯಿತು, ಇಲ್ಲದ್ದೆಲ್ಲ ಕಾಣುತ್ತದಂತೆ ಎಂದು ಇಬ್ಬರು ಬೇರೆ ಸ್ಕೂಲಿಗೆ ಹೋದರು. ಕಣ್ಣಾರೆ ಕಂಡ ಸಿಸ್ಟರ್ ಮಾತನ್ನು, ಕಲಿಯುವವರ ಮಾತೆಂದು ಶೋರೂಮಿನವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಈಗ ಮೇಷ್ಟ್ರಿಗೆ ಹೊಸ ಎಂಜಿನ್ ಬೇಡವಾಗಿತ್ತು, ಕ್ಷಮಾಪಣೆಯೂ ಬೇಡವಾಗಿತ್ತು. ವಾರಂಟಿ ಮುಗಿಯುವುದರೊಳಗೆ ಯಾರಾದರೂ ಒಬ್ಬರು ಬಾಯಿಬಿಟ್ಟು, "ಹೌದು ಮೇಷ್ಟ್ರೇ, ಕಾರು ಬಿಸಿಯಾಗುತ್ತೆ" ಎಂದರೆ ಸಾಕಾಗಿತ್ತು.

ಈ ನಡುವೆ ಹೆಂಡತಿ ಬಾಣಂತಿಯಾಗಿದ್ದ ಅಕ್ಕನ ಮಗಳನ್ನು ನೋಡಿಕೊಳ್ಳಲು ಹೋದಳು. ಅವಳು ಅತ್ತ ಹೋದದ್ದೇ ತಡ, ಇತ್ತ ಕಾರು ದಿನವೂ ಕುದಿಯತೊಡಗಿತು. ಅವಳು ವಾಪಸು ಬಂದಳು, ಕಾರು ತಣ್ಣಗಾಯಿತು. ಮೇಷ್ಟ್ರು ಯೋಚಿಸಿದರು. ಹಿಂದೆಯೂ ಹಾಗೇ. ಅವಳು ಮದುವೆಮನೆಗೆ ಹೋಗಿದ್ದಾಗ ಕುದಿದಿತ್ತು. ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಕುದಿದಿತ್ತು.

ಸರ್ವಿಸ್ ಸೆಂಟರಿಗೆ ಹೋಗಿ ಎಲ್ಲರೆದುರು ತಮ್ಮ ಸಂಶೋಧನೆಯನ್ನು ಮಂಡಿಸಿದರು. "ನೋಡ್ರಪ್ಪಾ, ನನ್ನ ಹೆಂಡತಿ ಮನೆಯಲ್ಲಿ ಇಲ್ಲದಾಗ ಮಾತ್ರ ಈ ಕಾರು ಬಿಸಿಯಾಗುತ್ತೆ."

ಮೆಕ್ಯಾನಿಕ್‌ಗಳು ಪಾನಾ ಕೆಳಗಿಟ್ಟು ನಕ್ಕರು. "ಸಾರ್, ಇದು ವಿರಹ. ಇದಕ್ಕೆ ವಾರಂಟಿ ಇಲ್ಲ" ಎಂದನೊಬ್ಬ. ಕ್ಯಾಷಿಯರ್ ನಕ್ಕಳು, ನೀರು ಕೊಡಲು ಬಂದವಳೂ ನಕ್ಕಳು. ನಗದವನು ಭಾವಮೈದುನ ಒಬ್ಬನೇ. ಅವನ ಮುಖ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಮುಖದಂತಿತ್ತು. ಮೇಷ್ಟ್ರು ಅದನ್ನು ಮರುಕ ಎಂದುಕೊಂಡರು. ಪಾಪ, ಇವನೊಬ್ಬನಾದರೂ ನನ್ನವನು ಎಂದು ಅವನ ಬೆನ್ನು ತಟ್ಟಿದರು. ಆ ಬಿಸಿಯಲ್ಲೇ ಕಂಪನಿಯ ಹೆಡ್ ಆಫೀಸಿಗೆ ಫೋನ್ ಮಾಡಿ ಗುಡುಗಿದರು. ವಾರಂಟಿಯ ಕೊನೆಯ ದಿನ ದೊಡ್ಡ ಇಂಜಿನಿಯರ್ ಒಬ್ಬರು ಬಂದು ಕಾರು ಬಿಚ್ಚಿ ನೋಡುವುದೆಂದು ತೀರ್ಮಾನವಾಯಿತು.

ಅದರ ಹಿಂದಿನ ದಿನ ಬೆಳಿಗ್ಗೆ ಮೇಷ್ಟ್ರು ಎಂದಿಗಿಂತ ಬೇಗ ಎದ್ದರು. ಸಮರದ ಹಿಂದಿನ ದಿನ ವೀರರಿಗೆ ನಿದ್ದೆ ಬರುವುದಿಲ್ಲ. ಬಚ್ಚಲಿನ ಕಿಟಕಿಯಲ್ಲಿ ಹಲ್ಲುಜ್ಜುತ್ತಾ ಹೊರಗೆ ನೋಡಿದರೆ, ಹೆಂಡತಿ ಸ್ಟೀಲ್ ಜಗ್ಗು ಹಿಡಿದು ಕಾರಿನ ಹತ್ತಿರ ಹೋಗುತ್ತಿದ್ದಾಳೆ. ಬಾಗಿಲು ತೆಗೆದು ಒಳಗಿನ ಹಿಡಿ ಎಳೆದಳು. ಬಾನೆಟ್ಟಿನ ಸಂದಿಗೆ ಎರಡು ಬೆರಳು ತೂರಿಸಿ, ಕಾಣದ ಕೊಂಡಿಯನ್ನು ನೋಡದೆಯೇ ಬಿಡಿಸಿ ಎತ್ತಿದಳು. ಊರುಗೋಲು ಕೊಟ್ಟು, ಮುಚ್ಚಳ ತಿರುಗಿಸಿ, ಒಂದು ತೊಟ್ಟೂ ಚೆಲ್ಲದಂತೆ ನೀರು ಸುರಿದಳು. ಕಾರೆಂದರೆ ಕೈಕಾಲು ನಡುಗುತ್ತದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದ ಹೆಂಡತಿ. ಮೇಷ್ಟ್ರ ಶಿಷ್ಯರಲ್ಲೇ ಎಷ್ಟೋ ಜನಕ್ಕೆ ಆ ಕೊಂಡಿ ಎಲ್ಲಿದೆಯೆಂದು ಗೊತ್ತಿಲ್ಲ.

ಬಾಯಿತುಂಬ ನೊರೆಯೊಡನೆ ಹೊರಗೆ ಬಂದರು. "ಏನ್ ಮಾಡ್ತಿದ್ದೀಯ?"

"ಗಿಡಕ್ಕೆ ನೀರು ಹಾಕ್ತಿದ್ದೆ."

"ಯಾವ ಗಿಡ? ಬಾನೆಟ್ ಒಳಗೆ ಬೆಳೆದಿರೋದಾ?"

ಅವಳು ಜಗ್ಗನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ ನೋಡಿದಳು. "ಮೊದಲು ಬಾಯಿ ತೊಳ್ಕೊಂಡು ಬನ್ನಿ. ಹೇಳ್ತೀನಿ."

ಅಡಿಗೆಮನೆಯ ಮೇಜಿನ ಎರಡು ಬದಿಯಲ್ಲಿ ಕೂತರು.

"ನಾನು ಡ್ರೈವಿಂಗ್ ಕಲೀತಿದ್ದೆ" ಎಂದಳು.

"ಯಾರ ಹತ್ರ?"

"ತಮ್ಮನ ಹತ್ರ. ಕಾರು ತೊಳೆಸೋಕೆ ಅಂತ ಹೋಗ್ತಿದ್ವಲ್ಲ, ಆಗ. ಗೋಡೌನ್ ಹಿಂದೆ ಖಾಲಿ ಜಾಗ ಇದೆಯಲ್ಲ, ಅಲ್ಲಿ. ಒಂದು ದಿನ ಒಂದು ಸಿಮೆಂಟ್ ಕಂಬ ಬಂತು."

"ಕಂಬ ಎಲ್ಲಿಂದ ಬರುತ್ತೆ?"

"ಕಂಬ ಅಲ್ಲೇ ಇತ್ತು. ನಾನೇ ಬಂದೆ."

ಬಂಪರ್ ಒಡೆದಿತ್ತು. ತಮ್ಮ ಯಾರಿಗೂ ತಿಳಿಯದಂತೆ ಶೋರೂಮಿನಲ್ಲೇ ಅದನ್ನು ಬದಲಿಸಿ ಬಣ್ಣ ಹೊಡೆಸಿದ್ದ. ಅದರ ಹಿಂದಿದ್ದ ರೇಡಿಯೇಟರಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಆಮೇಲೆ ಗೊತ್ತಾಯಿತು. ಅಲ್ಲಿಂದ ನೀರು ಸ್ವಲ್ಪ ಸ್ವಲ್ಪವೇ ಸೋರುತ್ತಿತ್ತು. ಬೆಳಿಗ್ಗೆ ತುಂಬಿಸಿದರೆ ದಿನ ದೂಡುತ್ತದೆ, ಮರೆತರೆ ಕುದಿಯುತ್ತದೆ. ವರ್ಕ್‌ಶಾಪಿಗೆ ಬಂದಾಗ ತುಂಬಿಸುವ ಕೆಲಸ ತಮ್ಮನದು. ಹೇಗಾದರೂ ವಾರಂಟಿ ಮುಗಿಯುವವರೆಗೆ ಎಳೆದು, ಆಮೇಲೆ ಹೊರಗಡೆ ರಿಪೇರಿ ಮಾಡಿಸೋಣ ಎಂದು ಅಕ್ಕ ತಮ್ಮ ಮಾತಾಡಿಕೊಂಡಿದ್ದರು. ಕಂಪನಿಯವರು ಬಿಚ್ಚಿ ನೋಡಿದರೆ ಪೆಟ್ಟು ಕಾಣುತ್ತದೆ, ಕದ್ದು ಬಂಪರ್ ಹಾಕಿಸಿದವನ ಕೆಲಸ ಹೋಗುತ್ತದೆ.

ಕಾರು ಒಡೆದದ್ದು ಮೇಷ್ಟ್ರಿಗೆ ನೋಯಲೇ ಇಲ್ಲ. ಎಲ್ಲರೆದುರು ಇಂಗು ತಿಂದ ಮಂಗನಂತೆ ನಿಂತದ್ದು ಸ್ವಲ್ಪ ನೋಯಿತು. ಎದೆಗೆ ಚುಚ್ಚಿದ್ದು ಬೇರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮಾಡಿದವರು ತಮ್ಮನ್ನೇ ನೋಡಿ ಮಾಡಿರಬೇಕು ಎನಿಸಿತು. ಊರಿಗೆಲ್ಲ ಕಲಿಸಿದವರ ಹೆಂಡತಿ, ಅವರ ಕೈಯಲ್ಲಿ ಮೊಟಕಿಸಿಕೊಂಡವನ ಹತ್ತಿರ, ಅವರು ಮಲಗಿದ್ದಾಗ, ಅವರದೇ ಕಾರಿನಲ್ಲಿ.

"ನನ್ನನ್ನ ಕೇಳಬಹುದಿತ್ತಲ್ಲ."

"ಕೇಳಿದ್ದೆ. ಮದುವೆಯಾದ ಹೊಸದರಲ್ಲಿ. ಬೀದಿ ಕೊನೆ ಮುಟ್ಟೋಕೆ ಬಿಟ್ರಾ? ಹೆಜ್ಜೆಗೊಂದು ಬ್ರೇಕ್. ಕಾರಲ್ಲಿ ಕೂತಿದ್ನೋ ಕುದುರೆ ಮೇಲೆ ಕೂತಿದ್ನೋ ಗೊತ್ತಾಗಲಿಲ್ಲ."

"ಅವನ ಕಾಲ ಹತ್ರಾನೂ ಅದೇ ಬ್ರೇಕ್ ಇತ್ತಲ್ಲ. ಕಂಬ ಬಂದಾಗ ಯಾಕೆ ಒತ್ತಲಿಲ್ಲ?"

"ನಾನೇ ನಿಲ್ಲಿಸ್ತೀನಿ ಅಂತ ನಂಬಿದ್ದ ರೀ."

ಆ ದಿನ ಮೇಷ್ಟ್ರು ಪಾಠಕ್ಕೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಹೆಂಡತಿ ಜಗ್ಗು ಹಿಡಿದು ಮೊದಲ ಬಾರಿ ಅವರೆದುರೇ ಕೇಳಿದಳು, "ನೀರು ಹಾಕ್ಲಾ?"

"ಬೇಡ."

ಅವಳು ಜಗ್ಗನ್ನು ಒಳಗಿಟ್ಟು ಬಂದು, ಕರೆಯದಿದ್ದರೂ ಕಾರಿನಲ್ಲಿ ಕೂತಳು.

ಸರ್ವಿಸ್ ಸೆಂಟರಿನಲ್ಲಿ ದರ್ಬಾರೇ ನೆರೆದಿತ್ತು. ದೊಡ್ಡ ಇಂಜಿನಿಯರ್ ತೋಳು ಮಡಿಸಿ ನಿಂತಿದ್ದರು. ಮೆಕ್ಯಾನಿಕ್‌ಗಳು ವಿರಹದ ಕಾರು ನೋಡಲು ಸುತ್ತ ಸೇರಿದ್ದರು. ಭಾವಮೈದುನ ಕೌಂಟರಿನ ಹಿಂದೆ ಅಕ್ಕನ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಅವನಿಗೆ ಎಲ್ಲವೂ ತಿಳಿಯಿತು.

"ಮುಂಭಾಗಕ್ಕೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತಾ ಸಾರ್?" ಇಂಜಿನಿಯರ್ ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದರು. "ಇರ್ಲಿ, ಬಿಚ್ಚಿದರೆ ಗೊತ್ತಾಗುತ್ತೆ. ಎತ್ತೋಣವಾ?"

ಮೇಷ್ಟ್ರ ಗೆಲುವು ಆ ಬಾನೆಟ್ಟಿನಡಿ ಇತ್ತು. ಅದನ್ನು ಎತ್ತಿದರೆ ಸಾಕು, ಕಾರು ಬಿಸಿಯಾಗುತ್ತಿದ್ದದ್ದು ನಿಜ ಎಂದು ಲೋಕಕ್ಕೆ ತಿಳಿಯುತ್ತಿತ್ತು. ಜೊತೆಗೆ, ಬ್ರೇಕ್ ಮೇಷ್ಟ್ರ ಹೆಂಡತಿ ಯಾರ ಹತ್ತಿರ ಕಲಿತು ಯಾವ ಕಂಬಕ್ಕೆ ಗುದ್ದಿದಳು ಎಂಬುದೂ ಸಂಜೆಯೊಳಗೆ ಊರ ತುಂಬ ಹರಡುತ್ತಿತ್ತು.

"ಬೇಡ" ಎಂದರು ಮೇಷ್ಟ್ರು. "ಕಾರಿಗೆ ಏನೂ ಆಗಿಲ್ಲ. ಬಿಸಿಯಾಗೋದು ನಾನು."

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಆ ನಗೆಯನ್ನು ಅವರು ಪೂರ್ತಿ ಕೇಳಿಸಿಕೊಂಡರು. ಇದು ದೊಡ್ಡ ಮನಸ್ಸಿನ ಮಾತೆಂದು ಯಾರೂ ಹೊಗಳಬೇಕಿಲ್ಲ. ಅರ್ಧ ಮಾನಕ್ಕೆ ಅಂಜಿ ಆಡಿದ್ದು, ಇನ್ನರ್ಧ ಭಾವಮೈದುನನ ಇಬ್ಬರು ಚಿಕ್ಕ ಮಕ್ಕಳು ನೆನಪಾಗಿ.

ಗೇಟಿನವರೆಗೆ ಅವನು ಹಿಂದೆಯೇ ಓಡಿ ಬಂದ. "ಭಾವ..."

"ಹೊರಗಿನವರು ಬಾನೆಟ್ ಎತ್ತಬಾರದು ಅಂದಿದ್ದೆ. ನಾನು ಎತ್ತಲಿಲ್ಲ ನೋಡು" ಎಂದರು. ಅವನು ಅಲ್ಲೇ ನಿಂತ.

ಮೇಷ್ಟ್ರು ಕೀಲಿಯನ್ನು ಹೆಂಡತಿಯ ಕೈಗಿಟ್ಟು, ಹೋಗಿ ಪಕ್ಕದ ಸೀಟಿನಲ್ಲಿ ಕೂತರು. "ಲೈಸೆನ್ಸ್ ಆದ್ರೂ ಇದೆಯೋ?"

"ಹೋದ ತಿಂಗಳು ಬಂತು."

ಮುಚ್ಚಿಟ್ಟದ್ದರಲ್ಲಿ ಅದೂ ಒಂದು.

ಅವಳು ಕನ್ನಡಿ ಸರಿಮಾಡಿಕೊಂಡು, ಹಿಂದೆ ನೋಡಿ, ರಸ್ತೆಗಿಳಿಸಿದಳು. ಚೆನ್ನಾಗಿಯೇ ಓಡಿಸಿದಳು, ಹಾಳಾದದ್ದು. ಗೇರಿನ ಕಡೆ ಒಮ್ಮೆಯೂ ಕಣ್ಣು ಹಾಕಲಿಲ್ಲ. ಆ ಪಾಠ ಯಾರದು ಎಂದು ಮೇಷ್ಟ್ರಿಗೆ ಗೊತ್ತಿತ್ತು, ತಲೆಗೆ ಮೊಟಕಿದ ಬೆರಳು ಇನ್ನೂ ಅವರ ಕೈಯಲ್ಲೇ ಇತ್ತು. ಅವರು ಬ್ರೇಕಿನಿಂದ ಕಾಲು ತೆಗೆದು ಸೀಟಿನ ಕೆಳಗೆ ಮಡಚಿಕೊಂಡರು. ನಂಬಿಕೆಯಿಂದೇನಲ್ಲ, ಮುನಿಸಿನಿಂದ. ಗುದ್ದಿದರೆ ಗುದ್ದಲಿ.

ಮೇಲ್ಸೇತುವೆಯ ಏರಿನಲ್ಲಿ ಮುಳ್ಳು ಮೆಲ್ಲಗೆ ತಲೆಯೆತ್ತಿತು. ಇಬ್ಬರೂ ನೋಡಿದರು. ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು.

"ರೀ" ಎಂದಳು ಹೆಂಡತಿ, "ಕಾರು ಬಿಸಿಯಾಗ್ತಿದೆ."

ತಿಂಗಳುಗಟ್ಟಲೆ ಯಾರ ಬಾಯಿಂದಲಾದರೂ ಕೇಳಬೇಕೆಂದು ಹಂಬಲಿಸಿದ ಮಾತು. ಕೇಳಿದ ಮೇಲೂ ಏನೂ ಆಗಲಿಲ್ಲ.

"ಬದಿಗೆ ಹಾಕು. ಎಂಜಿನ್ ಆಫ್ ಮಾಡು."

ಅವಳು ಹಾಗೇ ಮಾಡಿದಳು. ಆವಿ ಎದ್ದು ಗಾಜನ್ನು ಮುಚ್ಚಿತು. ಹಿಂದಿನಿಂದ ಬಂದ ಶಿಷ್ಯನೊಬ್ಬ ಹಾರ್ನ್ ಹೊಡೆದು, ಡ್ರೈವರ್ ಸೀಟಿನಲ್ಲಿ ಇರುವವರು ಯಾರೆಂದು ಬಗ್ಗಿ ನೋಡಿಕೊಂಡೇ ಮುಂದೆ ಹೋದ.

"ಈಗೇನ್ ಮಾಡೋದು?"

"ಇಳಿದು ಬಾನೆಟ್ ಎತ್ತು. ನಿನಗೆ ಬರುತ್ತಲ್ಲ." ಅವಳು ಬಾಗಿಲು ತೆಗೆದಾಗ ಮತ್ತೆ ಹೇಳಿದರು, ಮುಖ ಆಚೆ ತಿರುಗಿಸಿಕೊಂಡೇ: "ಬಿಸಿ ಇದ್ದಾಗ ಮುಚ್ಚಳ ಮಾತ್ರ ಮುಟ್ಟಬೇಡ, ಕೈ ಸುಡುತ್ತೆ. ಅದನ್ನ ನಿನ್ನ ಮೇಷ್ಟ್ರು ಹೇಳಿಕೊಟ್ಟಿರಲ್ಲ."